ಹೊಸ 4ಕೆ ಟಿವಿಯಲ್ಲಿ ಹಳೆ ಎಸ್‌ಡಿ ವಿಡಿಯೋ: ಕೊಪ್ಪದ ಮನೆಯಿಂದ ಒಂದು ರಿವ್ಯೂ

ಮೊದಲೇ ಹೇಳಿಬಿಡುತ್ತೇನೆ, ಟಿವಿ ಚೆನ್ನಾಗಿದೆ. ಆದರೆ ಅಂಗಡಿಯವರು ಗೋಡೆಗೆ ಹಾಕಿ ಹೋದ ಹಾಗೇ ಬಿಟ್ಟರೆ ಎಸ್‌ಡಿ (ಎಚ್‌ಡಿ ಅಲ್ಲದ, ಮಾಮೂಲಿ) ಚಾನೆಲ್ ನೋಡುವುದು ಹಿಂಸೆ. 43 ಇಂಚಿನ 4ಕೆ ಸ್ಮಾರ್ಟ್ ಟಿವಿ, ಬೆಲೆ 25 ಸಾವಿರದ ಆಸುಪಾಸು, ಚಿಕ್ಕಮಗಳೂರಿನ ಅಂಗಡಿಯೊಂದರಲ್ಲಿ ತೆಗೆದುಕೊಂಡಿದ್ದು. ಬ್ರ್ಯಾಂಡ್ ಹೆಸರು ಬರೆಯುವುದಿಲ್ಲ. ಈ ಬೆಲೆಗೆ ಸಿಗುವ ಹೆಚ್ಚಿನ ಟಿವಿಗಳಿಗೂ ಇದೇ ಮಾತು ಹೊಂದುತ್ತದೆ, ಹಾಗಾಗಿ ಹೆಸರು ಮುಖ್ಯ ಅಲ್ಲ.

ಯಾಕೆ ಬರೆಯುತ್ತಿದ್ದೇನೆ ಅಂದರೆ, ಟಿವಿ ರಿವ್ಯೂ ಅಂತ ಹುಡುಕಿದರೆ ಎಲ್ಲರೂ 4ಕೆ ಸಿನಿಮಾ ಹಾಕಿ, ಗೇಮ್ ಆಡಿ, ಕಪ್ಪು ಎಷ್ಟು ಕಪ್ಪಗಿದೆ ಅಂತ ಬರೆಯುತ್ತಾರೆ. ನಮ್ಮ ಮನೆಯಲ್ಲಿ ಅದೆಲ್ಲ ಓಡುವುದು ಅಪರೂಪ. ಕೊಪ್ಪದಿಂದ ಸ್ವಲ್ಪ ಒಳಗೆ, ತೋಟದ ನಡುವೆ ಮನೆ. ಮಳೆಗಾಲ ಹಿಡಿದರೆ ಕರೆಂಟೂ ಇಲ್ಲ, ನೆಟ್ಟೂ ಇಲ್ಲ. ನೆಟ್ ಬಂದರೂ ಯೂಟ್ಯೂಬ್ 480ರಲ್ಲೇ ಉಸಿರು ಬಿಡುತ್ತದೆ. ಬೆಳಗ್ಗೆಯಿಂದ ರಾತ್ರಿವರೆಗೆ ಓಡುವುದು ಡಿಟಿಎಚ್‌ನ ಎಸ್‌ಡಿ ಪ್ಯಾಕ್, ಫ್ರೀ ಡಿಶ್‌ನಲ್ಲಿ ಚಂದನ, ಅಪ್ಪಯ್ಯ ಜೋಪಾನ ಮಾಡಿಟ್ಟ ಯಕ್ಷಗಾನದ ಡಿಸ್ಕ್‌ಗಳು, ಮತ್ತೆ ಮನೆಯ ಮದುವೆಗಳ ಹಳೆ ರೆಕಾರ್ಡಿಂಗ್. ಮಲೆನಾಡಿನಲ್ಲಿ ಇಂಥ ಮನೆ ಎಷ್ಟೋ ಇವೆ ಅಲ್ವಾ. ಅವರಿಗೆ ಬೇಕಾದ ರಿವ್ಯೂ ಇದು.

ಲೆಕ್ಕ ಒಂದು ಸಲ ಅರ್ಥವಾದರೆ ಉಳಿದದ್ದು ಸುಲಭ. ನಮ್ಮ ದೇಶದ ಎಸ್‌ಡಿ ಚಿತ್ರ ಅಂದರೆ ಅಡ್ಡಕ್ಕೆ 720, ಉದ್ದಕ್ಕೆ 576 ಚುಕ್ಕಿ. ಒಟ್ಟು 4,14,720. ಫುಲ್ ಎಚ್‌ಡಿ ಪರದೆಯಲ್ಲಿ ಅದರ ಸರಿಯಾಗಿ 5 ಪಟ್ಟು ಚುಕ್ಕಿ ಇರುತ್ತವೆ, 4ಕೆ ಪರದೆಯಲ್ಲಿ 20 ಪಟ್ಟು. ಅಂದರೆ 4ಕೆ ಟಿವಿಯಲ್ಲಿ ಎಸ್‌ಡಿ ಚಾನೆಲ್ ಹಾಕಿದಾಗ 20 ಚುಕ್ಕಿಯಲ್ಲಿ ಒಂದು ಮಾತ್ರ ನಿಜವಾಗಿ ಬಂದದ್ದು, ಉಳಿದ 19 ಟಿವಿ ಊಹೆ ಮಾಡಿ ತುಂಬಿಸಿದ್ದು. ಈ ಊಹೆ ಮಾಡುವ ಭಾಗಕ್ಕೆ ಸ್ಕೇಲರ್ ಅನ್ನುತ್ತಾರೆ. ಎರಡು ಟಿವಿಗಳ ನಡುವೆ ಎಸ್‌ಡಿಯಲ್ಲಿ ಕಾಣುವ ವ್ಯತ್ಯಾಸ ಬಹುಪಾಲು ಇಲ್ಲಿಂದಲೇ ಬರುತ್ತದೆ. ಡಬ್ಬದ ಮೇಲೆ ಎಷ್ಟು ಕೋಟಿ ಬಣ್ಣ ಅಂತ ಬರೆದಿರುತ್ತಾರೆ, ಸ್ಕೇಲರ್ ಹೇಗಿದೆ ಅಂತ ಯಾರೂ ಬರೆಯುವುದಿಲ್ಲ.

ಇನ್ನೊಂದು ವಿಷಯ ಇದೆ. ಎಸ್‌ಡಿ ಚಿತ್ರ ಇಡಿಯಾಗಿ ಬರುವುದಿಲ್ಲ. ಸೆಕೆಂಡಿಗೆ 50 ಸಲ ಅರ್ಧರ್ಧ ಬರುತ್ತದೆ: ಒಮ್ಮೆ 1, 3, 5ನೇ ಗೆರೆಗಳು, ಮುಂದಿನ ಸಲ 2, 4, 6ನೇ ಗೆರೆಗಳು. ಹಳೆ ಡಬ್ಬಾ ಟಿವಿ ಅದನ್ನು ಬಂದ ಹಾಗೇ ಗೆರೆ ಗೆರೆಯಾಗಿ ಬಿಡಿಸುತ್ತಿತ್ತು, ಅದಕ್ಕೆ ಕಣ್ಣಿಗೆ ಹಿತವಾಗಿತ್ತು. ಈಗಿನ ಪರದೆ ಎಲ್ಲ ಗೆರೆಯನ್ನೂ ಒಟ್ಟಿಗೆ ತೋರಿಸಬೇಕು. ಎರಡು ಅರ್ಧಗಳ ನಡುವೆ ಯಾರಾದರೂ ಕೈ ಬೀಸಿದರೆ ಕೈಯ ಅಂಚು ಹಲ್ಲು ಹಲ್ಲಾಗಿ ಕಾಣುತ್ತದೆ. ಟಿವಿ ಇದನ್ನು ಹೊಲಿದು ಸರಿ ಮಾಡಬೇಕು, ಅದಕ್ಕೆ ಡೀಇಂಟರ್‌ಲೇಸಿಂಗ್ ಅನ್ನುತ್ತಾರೆ. ಈ ಟಿವಿ ಆ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ. ಆದರೆ ಮಾಡಲು ಬಿಡಬೇಕು, ಅದನ್ನು ಕೇಬಲ್ ವಿಷಯ ಬಂದಾಗ ಹೇಳುತ್ತೇನೆ.

ಟಿವಿ ಹಾಕಿದ ದಿನ ಚಿತ್ರ ಹೇಗಿತ್ತು ಅಂದರೆ, ಅಪ್ಪಯ್ಯ ನ್ಯೂಸ್ ಹಾಕಿ ಐದು ನಿಮಿಷ ನೋಡಿ, "ಎಂತ ಮಾರಾಯ ಇದು, ಎಲ್ಲರ ಮುಖಕ್ಕೂ ಮೇಣ ಹಚ್ಚಿದ ಹಾಗೆ ಉಂಟಲ್ಲ" ಅಂದರು. ಸರಿಯಾಗಿಯೇ ಹೇಳಿದರು. ಚರ್ಮದ ಮೇಲಿನ ಗೆರೆ, ಮೀಸೆಯ ಕೂದಲು ಎಲ್ಲ ಅಳಿಸಿ ಹೋಗಿ, ಮುಖದ ಸುತ್ತ ಮಾತ್ರ ಬಿಳಿ ಅಂಚು ಎದ್ದು ಕಾಣುತ್ತಿತ್ತು. ಫಿಟ್ ಮಾಡಲು ಬಂದ ಹುಡುಗನಿಗೆ ಕೇಳಿದೆ. "ಸಾರ್, ಎಸ್‌ಡಿ ಹಾಗೇ ಬರೋದು, ಎಚ್‌ಡಿ ಪ್ಯಾಕ್ ಹಾಕಿಸಿಕೊಳ್ಳಿ" ಅಂದ. ಎಸ್‌ಡಿ ಹಾಗೇ ಬರುವುದಿಲ್ಲ. ಅವನು ಆನ್ ಮಾಡಿ ಹೋದದ್ದನ್ನು ಒಂದೊಂದಾಗಿ ಆಫ್ ಮಾಡಿದರೆ ಅದೇ ಚಾನೆಲ್ ಬೇರೆಯೇ ಕಾಣುತ್ತದೆ.

ಟಿವಿ ವಿವಿಡ್ ಮೋಡ್‌ನಲ್ಲಿತ್ತು. ಕೆಲವು ಕಂಪನಿಗಳು ಇದನ್ನೇ ಡೈನಾಮಿಕ್ ಅಂತ ಕರೆಯುತ್ತವೆ. ಅಂಗಡಿಯ ಟ್ಯೂಬ್‌ಲೈಟ್ ಬೆಳಕಿನಲ್ಲಿ ಪಕ್ಕದ ಟಿವಿಗಿಂತ ಎದ್ದು ಕಾಣಲಿ ಅಂತ ಇರುವ ಮೋಡ್ ಅದು, ಮನೆಗೆ ಅಲ್ಲ. ಬಣ್ಣ ಜಾಸ್ತಿ, ಬೆಳಕು ಜಾಸ್ತಿ, ಶಾರ್ಪ್‌ನೆಸ್ ವಿಪರೀತ. ಎಸ್‌ಡಿ ಚಾನೆಲ್‌ನಲ್ಲಿ ಮೊದಲೇ ಚೌಕ ಚೌಕವಾದ ಕಲೆ, ಅಕ್ಷರದ ಸುತ್ತ ಗುಂಯ್‌ಗುಡುವ ಚುಕ್ಕಿಗಳು ಇರುತ್ತವೆ. ಉಪಗ್ರಹದ ಒಂದು ಟ್ರಾನ್ಸ್‌ಪಾಂಡರ್‌ನಲ್ಲಿ (ಸಿಗ್ನಲ್ ಕಳಿಸುವ ಘಟಕ) ಜಾಸ್ತಿ ಚಾನೆಲ್ ತುರುಕಿದಷ್ಟೂ ಒಂದೊಂದಕ್ಕೆ ಸಿಗುವ ಬಿಟ್‌ರೇಟ್, ಅಂದರೆ ಸೆಕೆಂಡಿಗೆ ಬರುವ ಮಾಹಿತಿ, ಕಡಿಮೆಯಾಗುತ್ತದೆ, ಕಲೆಗಳು ಅಲ್ಲಿಂದ ಬರುತ್ತವೆ. ವಿವಿಡ್ ಮೋಡ್ ಆ ಕಲೆಗಳನ್ನೂ ಹಿಡಿದು ಹೊಳಪು ಮಾಡುತ್ತದೆ. ಸಿನಿಮಾ ಮೋಡ್ ಹಾಕಿ. ಮೊದಲ ದಿನ ಸ್ವಲ್ಪ ಹಳದಿಯಾಗಿ, ಮಂಕಾಗಿ ಕಾಣುತ್ತದೆ. ಎರಡು ದಿನ ನೋಡಿದರೆ ಕಣ್ಣು ಒಗ್ಗಿಕೊಳ್ಳುತ್ತದೆ, ಆಮೇಲೆ ವಿವಿಡ್ ಹಾಕಿದರೆ ನೀಲಿ ನೀಲಿ ಕಾಣುತ್ತದೆ.

ಶಾರ್ಪ್‌ನೆಸ್ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಯಾಕಂದರೆ ಎಲ್ಲರೂ ತಪ್ಪು ದಿಕ್ಕಿಗೆ ತಿರುಗಿಸುವ ಗುಂಡಿ ಇದು. ಚಿತ್ರ ಮಸುಕಾಗಿದೆ ಅಂತ ಏರಿಸುತ್ತಾರೆ. ಏರಿಸಿದರೆ ಹೊಸ ವಿವರ ಏನೂ ಬರುವುದಿಲ್ಲ, ಇರುವ ಅಂಚಿನ ಪಕ್ಕದಲ್ಲಿ ಒಂದು ಬಿಳಿ ಗೆರೆ ಎಳೆಯುತ್ತದೆ, ಅಷ್ಟೇ. ಎಷ್ಟಕ್ಕೆ ಇಡಬೇಕು ಅಂತ ಗೊತ್ತಾಗಲು ಯಾವ ಟೆಸ್ಟ್ ಚಿತ್ರವೂ ಬೇಡ, ಕನ್ನಡ ನ್ಯೂಸ್ ಚಾನೆಲ್‌ನ ಕೆಳಗೆ ಓಡುವ ಪಟ್ಟಿಯೇ ಸಾಕು. ಪ, ಫ, ಷ ಮೂರರ ಮೇಲೂ ಕಣ್ಣಿಡಿ. ಷದ ಒಳಗಿನ ಅಡ್ಡಗೆರೆ, ಫದ ಕೆಳಗಿನ ಗೀಟು ಬೇರೆ ಬೇರೆ ಕಾಣಬೇಕು. ‘ರಾಷ್ಟ್ರ’ ಅಂತ ಬಂದಾಗ ಷ ಕೆಳಗಿನ ಒತ್ತುಗಳೆರಡೂ ಒಂದಕ್ಕೊಂದು ಅಂಟಿಕೊಳ್ಳಬಾರದು. ಶಾರ್ಪ್‌ನೆಸ್ ಜಾಸ್ತಿ ಇದ್ದರೆ ಅಕ್ಷರದ ಹೊಟ್ಟೆಯೊಳಗೆ ಬಿಳಿ ತುಂಬಿಕೊಂಡು ಪ ಯಾವುದು ಷ ಯಾವುದು ಗೊತ್ತಾಗುವುದಿಲ್ಲ. ಬಿಳಿ ಅಂಚು ಮಾಯವಾಗುವವರೆಗೆ ಇಳಿಸುತ್ತಾ ಬನ್ನಿ, ಅಲ್ಲಿ ನಿಲ್ಲಿಸಿ. ಕೆಲವು ಟಿವಿಯಲ್ಲಿ ಸೊನ್ನೆಯೇ ಸರಿಯಾದ ಜಾಗ, ಕೆಲವದರಲ್ಲಿ ನಡುಮಧ್ಯ, ಇನ್ನೂ ಇಳಿಸಿದರೆ ಮಬ್ಬಾಗುತ್ತದೆ. ನಮ್ಮದರಲ್ಲಿ 100ಕ್ಕೆ 10ರಲ್ಲಿ ನಿಂತಿದೆ.

ಕಲೆ ಅಳಿಸುವ ನಾಯ್ಸ್ ರಿಡಕ್ಷನ್ ಅಂತ ಒಂದಿದೆ. ಮುಖಕ್ಕೆ ಮೇಣ ಹಚ್ಚುತ್ತಿದ್ದದ್ದು ಇದೇ. ಪೂರ್ತಿ ಆಫ್ ಮಾಡಿದರೆ ಎಸ್‌ಡಿಯ ಚೌಕದ ಕಲೆಗಳು ಬಿಚ್ಚಿ ಕಾಣುತ್ತವೆ, ಹೈ ಇಟ್ಟರೆ ಮುಖವೇ ಇಲ್ಲ. ಚೌಕದ ಕಲೆಗಳಿಗೆಂದೇ ಇರುವ ಎಂಪೆಗ್ ನಾಯ್ಸ್ ರಿಡಕ್ಷನ್ ಅಂತ ಬೇರೆಯಾಗಿ ಕೊಟ್ಟಿದ್ದರೆ ಅದನ್ನು ಲೋನಲ್ಲಿ ಇಡಿ, ಮಾಮೂಲಿಯದನ್ನು ಆಫ್ ಮಾಡಿ. ಮೋಷನ್ ಸ್ಮೂದಿಂಗ್ ಖಂಡಿತ ಬೇಡ. ಎರಡು ಚಿತ್ರಗಳ ನಡುವೆ ಟಿವಿ ತಾನೇ ಇನ್ನೊಂದು ಚಿತ್ರ ಹುಟ್ಟಿಸುತ್ತದೆ, ಎಸ್‌ಡಿಯಲ್ಲಿ ಅದಕ್ಕೆ ಸಾಕಷ್ಟು ವಿವರ ಸಿಗದೆ ನ್ಯೂಸ್ ಓದುವವರ ಭುಜದ ಹತ್ತಿರ ಪಟ್ಟಿಯ ಅಕ್ಷರ ಹರಿದ ಹಾಗೆ ಕಾಣುತ್ತದೆ. ಡೈನಾಮಿಕ್ ಕಾಂಟ್ರಾಸ್ಟ್ ಕೂಡ ಆಫ್. ಇದನ್ನೆಲ್ಲ ಎಚ್‌ಡಿಎಂಐ 1ರಲ್ಲಿ (ಟಿವಿ ಹಿಂದಿನ ಡಿಜಿಟಲ್ ಕೇಬಲ್ ಕಿಂಡಿ) ಮಾಡಿದರೆ ಎಚ್‌ಡಿಎಂಐ 2ಕ್ಕೆ ತಾನಾಗಿ ಹೋಗುವುದಿಲ್ಲ. ಒಂದೊಂದು ಇನ್‌ಪುಟ್‌ಗೂ ಬೇರೆ ಸೆಟ್ಟಿಂಗ್ ಇರುತ್ತದೆ. ‘ಎಲ್ಲ ಇನ್‌ಪುಟ್‌ಗೂ ಅನ್ವಯಿಸು’ ಅನ್ನುವ ಆಯ್ಕೆ ಇದೆಯಾ ನೋಡಿ, ಇಲ್ಲದಿದ್ದರೆ ಪ್ರತಿಯೊಂದಕ್ಕೂ ಕೂತು ಮಾಡಬೇಕು.

ಈಗ ಕೇಬಲ್. ಹುಡುಗ ಡಿಟಿಎಚ್ ಬಾಕ್ಸ್‌ಗೆ ಹಳೆಯ ಹಳದಿ-ಬಿಳಿ-ಕೆಂಪು ಪಿನ್ನನ್ನೇ ಚುಚ್ಚಿ ಹೋಗಿದ್ದ. ಬಾಕ್ಸ್ ಹಿಂದೆ ಎಚ್‌ಡಿಎಂಐ ಇದ್ದರೂ! ಎಸ್‌ಡಿ ಪ್ಯಾಕ್‌ಗೆ ಎಚ್‌ಡಿಎಂಐ ಯಾಕೆ ಅಂತ ಅವನ ಲೆಕ್ಕ. ಹಳದಿ ಪಿನ್‌ನಲ್ಲಿ ಬೆಳಕೂ ಬಣ್ಣವೂ ಒಂದೇ ತಂತಿಯಲ್ಲಿ ಬೆರೆತು ಹೋಗುತ್ತವೆ, ಟಿವಿ ಅದನ್ನು ಮತ್ತೆ ಬೇರೆ ಮಾಡಬೇಕು. ಪೂರ್ತಿ ಬೇರೆ ಮಾಡಲು ಆಗುವುದಿಲ್ಲ. ಇದು ಎಷ್ಟು ಕೆಡಿಸುತ್ತದೆ ಅಂತ ನೋಡಬೇಕಿದ್ದರೆ ಯಕ್ಷಗಾನದ ಡಿವಿಡಿ ಹಾಕಿ ನೋಡಿ. ಬಡಗುತಿಟ್ಟಿನ ವೇಷಧಾರಿಯ ಕಸೆ ಸೀರೆಯ ಚೌಕುಳಿ ಇದೆಯಲ್ಲ, ಕ್ಯಾಮೆರಾ ದೂರ ಹೋದಾಗ ಆ ಚೌಕುಳಿ ಸಣ್ಣಗಾಗುತ್ತದೆ. ಹಳದಿ ಪಿನ್‌ನಲ್ಲಿ ಆ ಸಣ್ಣ ಚೌಕುಳಿಯನ್ನು ಟಿವಿ ಬಣ್ಣ ಅಂತ ತಪ್ಪು ತಿಳಿದು, ಸೀರೆಯ ಮೇಲೆ ಹಸಿರು-ನೇರಳೆ ಅಲೆ ಓಡಾಡಿಸುತ್ತದೆ. ವೇಷಧಾರಿ ಮಂಡಿ ಹಾಕಿ ಸುತ್ತುವಾಗಂತೂ ಸೀರೆ ತುಂಬ ಅದೇ. ಎಚ್‌ಡಿಎಂಐ ಇರುವ ಡಿವಿಡಿ ಪ್ಲೇಯರ್‌ನಲ್ಲಿ ಅದೇ ಡಿಸ್ಕ್ ಹಾಕಿದರೆ ಅಲೆ ಪೂರ್ತಿ ಹೋಗುತ್ತದೆ, ಕೆಂಪು ಕೆಂಪಾಗಿ, ಕಪ್ಪು ಕಪ್ಪಾಗಿ ನಿಲ್ಲುತ್ತದೆ. ಎಚ್‌ಡಿಎಂಐ ಕೇಬಲ್‌ಗೆ ಸಾವಿರಗಟ್ಟಲೆ ಕೊಡಬೇಡಿ, ಮಾಮೂಲಿ ಕೇಬಲ್ ಸಾಕು. ಎಸ್‌ಡಿಗೆ ದುಬಾರಿ ಕೇಬಲ್‌ನಿಂದ ಒಂದು ಚುಕ್ಕಿಯೂ ಹೆಚ್ಚು ಬರುವುದಿಲ್ಲ.

ಎಚ್‌ಡಿಎಂಐ ಹಾಕಿದ ಮೇಲೆ ಬಾಕ್ಸ್‌ನ ಸೆಟ್ಟಿಂಗ್‌ಗೆ ಹೋಗಿ ಔಟ್‌ಪುಟ್ ರೆಸಲ್ಯೂಷನ್ ನೋಡಿ. ಸಾಮಾನ್ಯವಾಗಿ 1080ರಲ್ಲಿ (ಫುಲ್ ಎಚ್‌ಡಿ) ಇರುತ್ತದೆ. ಅಂದರೆ ಬಾಕ್ಸೇ ಹೊಲಿದು, ಹಿಗ್ಗಿಸಿ ಕಳಿಸುತ್ತದೆ. ಟಿವಿ ಅದನ್ನು ಎಚ್‌ಡಿ ಅಂತಲೇ ನಂಬುತ್ತದೆ, ತನ್ನ ಒಳ್ಳೆಯ ಸ್ಕೇಲರ್ ಇದ್ದರೂ ಎಸ್‌ಡಿಗೆ ಬೇಕಾದ ಕೆಲಸ ಮಾಡುವುದಿಲ್ಲ. ಅಗ್ಗದ ಬಾಕ್ಸ್‌ನ ಒಳಗಿನ ಸ್ಕೇಲರ್‌ಗಿಂತ ಟಿವಿಯದು ಹೆಚ್ಚಾಗಿ ಚೆನ್ನಾಗಿರುತ್ತದೆ. 576ಐ (576 ಗೆರೆ, ಅರ್ಧರ್ಧವಾಗಿ) ಅಂತ ಇಟ್ಟರೆ ಹೊಲಿಗೆ, ಹಿಗ್ಗಿಸುವಿಕೆ ಎರಡೂ ಟಿವಿ ಪಾಲಿಗೆ ಬರುತ್ತವೆ. ನಮ್ಮ ಟಿವಿಯಲ್ಲಿ ಇದರಿಂದ ಆದ ವ್ಯತ್ಯಾಸ ಕ್ರಿಕೆಟ್‌ನಲ್ಲಿ ಚೆನ್ನಾಗಿ ಕಾಣುತ್ತದೆ, ಬ್ಯಾಟ್ ಬೀಸುವಾಗ ಅಂಚಿನ ಹಲ್ಲು ಇಲ್ಲ. ನಿಮ್ಮ ಟಿವಿಯಲ್ಲಿ ಉಲ್ಟಾ ಇರಬಹುದು, ಹಾಗಾಗಿ ಎರಡೂ ಹಾಕಿ ಒಂದೇ ಚಾನೆಲ್ ನೋಡಿ. ಎಚ್‌ಡಿ ಚಾನೆಲ್‌ಗಳೂ ಇರುವ ಪ್ಯಾಕ್ ಆದರೆ 576ಐ ಬೇಡ, ಎಚ್‌ಡಿಯೂ ಕುಗ್ಗಿ ಬರುತ್ತದೆ. ಆಗ ನೇಟಿವ್ (ಚಾನೆಲ್ ಬಂದ ಹಾಗೇ ಕಳಿಸುವುದು) ಅನ್ನುವ ಆಯ್ಕೆ ಇದ್ದರೆ ಅದು ಒಳ್ಳೆಯದು, ಚಾನೆಲ್ ಬದಲಿಸುವಾಗ ಒಂದು ಕ್ಷಣ ಪರದೆ ಕಪ್ಪಾಗುತ್ತದೆ, ಅದನ್ನು ಸಹಿಸಿಕೊಳ್ಳಬೇಕು.

ಹಿಗ್ಗಿಸುವ ವಿಷಯಕ್ಕೆ ಬಂದರೆ ನಮ್ಮ ಊರಲ್ಲಿ ಯಾವ ಮನೆಗೆ ಹೋದರೂ ಹಳೆಯ 4:3 (ಅಗಲ 4 ಪಾಲು, ಎತ್ತರ 3 ಪಾಲು) ಚಿತ್ರವನ್ನು ಪೂರ್ತಿ ಪರದೆಗೆ ಎಳೆದಿರುತ್ತಾರೆ. ಅಡ್ಡಕ್ಕೆ ಮೂರನೇ ಒಂದು ಭಾಗ ಹೆಚ್ಚು ಅಗಲ! ಡಾ. ರಾಜ್‌ಕುಮಾರ್ ಅವರನ್ನು ಹಾಗೆ ದಪ್ಪ ಮಾಡಿ ನೋಡುವುದು ನನಗೆ ಸಂಕಟ. ಎರಡೂ ಬದಿ ಕಪ್ಪು ಇದ್ದರೆ ದುಡ್ಡು ದಂಡ ಅಂತ ಅಮ್ಮನೂ ಹೇಳುತ್ತಿದ್ದರು. 4:3ಕ್ಕೆ ಹಾಕಿ ಒಂದು ಹಳೆ ಹಾಡು ತೋರಿಸಿದೆ. "ಈಗ ಸರಿ ಕಾಣ್ತದೆ, ಹಾಗೇ ಇರಲಿ" ಅಂದರು, ಅಲ್ಲಿಗೆ ಮಾತು ಮುಗಿಯಿತು. ಇನ್ನೊಂದು ಲಾಭವೂ ಇದೆ, ಕಡಿಮೆ ಹಿಗ್ಗಿದಷ್ಟೂ ಚಿತ್ರ ಗಟ್ಟಿಯಾಗಿ ಕಾಣುತ್ತದೆ.

ಹಳೆ 21 ಇಂಚಿನ ಡಬ್ಬಾ ಟಿವಿಯಲ್ಲಿ ಇದೇ ಚಾನೆಲ್ ಚೆನ್ನಾಗಿ ಕಾಣುತ್ತಿತ್ತಲ್ಲ ಅಂತ ಕೇಳುವವರು ಇದ್ದಾರೆ. ಹೌದು, ಕಾಣುತ್ತಿತ್ತು. 43 ಇಂಚಿನ ಪರದೆಯ ಎತ್ತರ ಸುಮಾರು 21 ಇಂಚು, ಅದರಲ್ಲಿ 4:3 ಚಿತ್ರ ಹಾಕಿದರೆ 35 ಇಂಚಿನ ಡಬ್ಬಾ ಟಿವಿಯಷ್ಟು ಆಗುತ್ತದೆ. ಅದೇ ಚುಕ್ಕಿಗಳು ಹತ್ತಿರ ಹತ್ತಿರ ಮೂರು ಪಟ್ಟು ಜಾಗಕ್ಕೆ ಹರಡುತ್ತವೆ. ಅದಕ್ಕೆ ಇರುವ ಉಪಾಯ ದೂರ ಕೂರುವುದು. ಸರಿಯಾದ ಕಣ್ಣಿಗೆ 576 ಗೆರೆಗಳು ಬೇರೆ ಬೇರೆಯಾಗಿ ಕಾಣದಿರಲು ಚಿತ್ರದ ಎತ್ತರದ ಸುಮಾರು 6 ಪಟ್ಟು ದೂರ ಬೇಕು. 43 ಇಂಚಿಗೆ ಹತ್ತೂವರೆ ಅಡಿ. 32 ಇಂಚಿಗೆ 8 ಅಡಿಯ ಹತ್ತಿರ. 55 ಇಂಚಿಗೆ ಹದಿಮೂರೂವರೆ ಅಡಿ. ಹಳೆಯ ಮಲೆನಾಡಿನ ಮನೆಗಳ ಉದ್ದ ಜಗಲಿಯಲ್ಲಿ 10 ಅಡಿ ಸಲೀಸಾಗಿ ಸಿಗುತ್ತದೆ. ಚಿಕ್ಕಮಗಳೂರು ಪೇಟೆಯ ಬಾಡಿಗೆ ಮನೆಯ ಸಣ್ಣ ಹಾಲ್‌ನಲ್ಲಿ ಸಿಗುವುದಿಲ್ಲ. ಎಸ್‌ಡಿಯೇ ಜಾಸ್ತಿ ನೋಡುವವರು 55 ಇಂಚಿಗೆ ಹೋಗಬೇಡಿ ಅಂತ ನನ್ನ ಖಡಕ್ ಸಲಹೆ. ಅಂಗಡಿಯವರು ಐದಾರು ಸಾವಿರ ಹೆಚ್ಚು ಕೊಟ್ಟರೆ ದೊಡ್ಡದು ಬರುತ್ತದೆ ಅಂತ ಒತ್ತಾಯ ಮಾಡುತ್ತಾರೆ. ಆ ದುಡ್ಡಿಗೆ ನಿಮ್ಮ ಚಾನೆಲ್ ಇನ್ನೂ ಕೆಟ್ಟದಾಗಿ ಕಾಣುತ್ತದೆ.

ಡಿಶ್ ತಿರುಗಿಸಿ ‘ಕ್ಲಿಯರ್’ ಮಾಡಿಕೊಡುತ್ತೇನೆ ಅಂತ ದುಡ್ಡು ಕೇಳುವವರೂ ಇದ್ದಾರೆ, ಅದಕ್ಕೆ ಬೀಳಬೇಡಿ. ಡಿಜಿಟಲ್ ಸಿಗ್ನಲ್ ಕಡಿಮೆಯಾದರೆ ಚಿತ್ರ ಮಸುಕಾಗುವುದಿಲ್ಲ. ಒಡೆದು ಚೌಕವಾಗಿ ನಿಂತುಬಿಡುತ್ತದೆ, ಇಲ್ಲವೇ ಹೋಗಿಯೇ ಬಿಡುತ್ತದೆ. ಆಗುಂಬೆ ಕಡೆಯ ಮಳೆ ಬಡಿಯುವಾಗ ನಮಗೆ ಆಗುವುದು ಇದೇ. ನಿಲ್ಲದೆ ಬರುತ್ತಿರುವ ಚಿತ್ರ ಡಿಶ್ ತಿರುಗಿಸಿದರೆ ಇನ್ನಷ್ಟು ಸ್ಪಷ್ಟ ಆಗುವುದಿಲ್ಲ.

ಯಕ್ಷಗಾನದ ಹಳೆ ವಿಸಿಡಿಗಳಿಗೆ ಮಾತ್ರ ಈ ಟಿವಿಯಿಂದ ದೊಡ್ಡ ಸಹಾಯ ಆಗಿಲ್ಲ. ವಿಸಿಡಿ ಚಿತ್ರ 352 ಅಡ್ಡ, 288 ಉದ್ದ, ಅಂದರೆ ಡಿವಿಡಿಯ ಕಾಲು ಭಾಗಕ್ಕೂ ಕಡಿಮೆ. ಬಣ್ಣದ ವಿವರ ಅದರಲ್ಲೂ ಕಾಲು ಭಾಗ. ಕಿರೀಟದ ಕೆಂಪು ಹಣೆಗೆ ಇಳಿದಿರುತ್ತದೆ, ಅದನ್ನು ಯಾವ ಸೆಟ್ಟಿಂಗೂ ಸರಿ ಮಾಡುವುದಿಲ್ಲ. ಅವುಗಳನ್ನು ಅಡುಗೆಮನೆ ಪಕ್ಕದ ಕೋಣೆಯ ಸಣ್ಣ ಟಿವಿಯಲ್ಲಿ ನೋಡುವುದೇ ಚೆಂದ. ಭಾಗವತಿಕೆಗೆ, ಅಂದರೆ ಹಾಡಿಗೆ, ಏನೂ ಕೊರತೆ ಇಲ್ಲ, ಅದೇ ಸಮಾಧಾನ.

ಮದುವೆಯ ವಿಎಚ್‌ಎಸ್ ಕ್ಯಾಸೆಟ್‌ಗಳದ್ದು ಬೇರೆ ಕಥೆ, ಇದಕ್ಕೆ ಆತುರ ಬೇಕು. ನಮ್ಮ ಕಡೆಯ ಥಂಡಿಗೆ ಟೇಪ್‌ಗೆ ಬೂಷ್ಟು ಹಿಡಿಯುತ್ತದೆ. ಕ್ಯಾಸೆಟ್‌ನ ಗಾಜಿನಂಥ ಕಿಂಡಿಯಲ್ಲಿ ನೋಡಿದರೆ ಸುರುಳಿಯ ಅಂಚಿನಲ್ಲಿ ಬಿಳಿ ಪುಡಿ ಕಾಣುತ್ತದೆ. ಕಂಡರೆ ವಿಸಿಆರ್‌ಗೆ ಹಾಕಲೇಬೇಡಿ, ಹೆಡ್‌ಗೆ ಅಂಟಿ ಮುಂದಿನ ಕ್ಯಾಸೆಟ್‌ಗೂ ಹೋಗುತ್ತದೆ, ಟೇಪೂ ಹರಿಯಬಹುದು. ಹಾಸನದಲ್ಲಿ ಬಿ.ಎಂ. ರಸ್ತೆಯ ಕಡೆ ಒಂದು ಸ್ಟುಡಿಯೋದಲ್ಲಿ ಟೇಪ್ ಒರೆಸಿ ಕಾಪಿ ಮಾಡಿಕೊಡುತ್ತಾರೆ ಅಂತ ತಿಳಿದು ಅಕ್ಕನ ಮದುವೆಯದನ್ನು ಕೊಟ್ಟೆ. ಒರೆಸುವ ಕೆಲಸ ಬಹಳ ಚೆನ್ನಾಗಿ ಮಾಡಿದರು, ಅದಕ್ಕೆ ಪೂರ್ತಿ ಅಂಕ. ಆದರೆ ಕೊಟ್ಟ ಫೈಲ್ 1080ಕ್ಕೆ ಹಿಗ್ಗಿಸಿದ್ದು, ಪೂರ್ತಿ ಪರದೆಗೆ ಎಳೆದದ್ದು, ಅರ್ಧರ್ಧ ಚಿತ್ರಗಳನ್ನು ಸರಿಯಾಗಿ ಹೊಲಿಯದೆ ಹಾಗೇ ಹಿಗ್ಗಿಸಿದ್ದರಿಂದ ಅಕ್ಷತೆ ಹಾಕುವ ಕೈಗಳೆಲ್ಲ ಹಲ್ಲು ಹಲ್ಲು. ಆ ಫೈಲ್‌ಗೆ ಯಾವ ಟಿವಿಯೂ ಏನೂ ಮಾಡಲು ಬರುವುದಿಲ್ಲ. ಹಿಗ್ಗಿಸಿದ ಮೇಲೆ ಹೊಲಿಗೆ ಬಿಚ್ಚಿ ಮತ್ತೆ ಹಾಕಲು ಆಗುವುದಿಲ್ಲ.

ಮತ್ತೆ ಹೋಗಿ, "ಅಣ್ಣ, ನೀವು ಏನೂ ಚೆಂದ ಮಾಡಬೇಡಿ, ಟೇಪ್‌ನಲ್ಲಿ ಇದ್ದ ಹಾಗೇ ಕೊಡಿ" ಅಂತ ಕೇಳಿದೆ. ಅವರು ಬೇಜಾರು ಮಾಡಿಕೊಳ್ಳದೆ ಮತ್ತೆ ಮಾಡಿಕೊಟ್ಟರು. ನೀವು ಕೊಡುವಾಗ ಮೊದಲೇ ಚೀಟಿಯಲ್ಲಿ ಬರೆದುಕೊಡಿ: 720×576, ಸೆಕೆಂಡಿಗೆ 25 ಫ್ರೇಮ್, 4:3, ಇಂಟರ್‌ಲೇಸ್ (ಅರ್ಧರ್ಧ ಚಿತ್ರ) ಹಾಗೇ ಇರಲಿ, ಬಿಟ್‌ರೇಟ್ ಜಾಸ್ತಿ ಇರಲಿ, ಹೆಸರು-ಹೂವು-ಹಾಡು ಏನೂ ಸೇರಿಸಬೇಡಿ. ಆ ಮೂಲ ಫೈಲ್ ಎರಡು ಕಡೆ ಇಟ್ಟುಕೊಳ್ಳಿ. ಟಿವಿಗೆ ಪೆನ್‌ಡ್ರೈವ್ ಹಾಕಿದಾಗ ಕೆಲವು ಟಿವಿಗಳು ಇಂಥ ಫೈಲನ್ನು ಸರಿಯಾಗಿ ಹೊಲಿಯುವುದಿಲ್ಲ, ನಮ್ಮದೂ ಹಾಗೇ. ಅದಕ್ಕೆ ಕಂಪ್ಯೂಟರ್‌ನಲ್ಲಿ ಹ್ಯಾಂಡ್‌ಬ್ರೇಕ್ ಅನ್ನುವ ಉಚಿತ ಸಾಫ್ಟ್‌ವೇರ್‌ನಿಂದ ಡೀಇಂಟರ್‌ಲೇಸ್ ಮಾಡಿ, ಬಾಬ್ (ಒಂದೊಂದು ಅರ್ಧವನ್ನೂ ಪೂರ್ತಿ ಫ್ರೇಮ್ ಮಾಡುವ) ಆಯ್ಕೆ ಹಾಕಿ, ಸೆಕೆಂಡಿಗೆ 50 ಫ್ರೇಮ್‌ನ ಇನ್ನೊಂದು ಕಾಪಿ ಮಾಡಿಕೊಂಡೆ. ಈಗ ಅಕ್ಕ ಆರತಿ ತಟ್ಟೆ ಎತ್ತುವುದು ನಯವಾಗಿ ಕಾಣುತ್ತದೆ, ಅಂಚು ಒಡೆಯುವುದಿಲ್ಲ. ಎಐ ಹಾಕಿ 4ಕೆ ಮಾಡುತ್ತೇವೆ ಅಂತಲೂ ಈಗ ಹೇಳುತ್ತಾರೆ. ಮನೆಯವರ ಮುಖಕ್ಕೆ ನಾನದನ್ನು ಒಪ್ಪುವುದಿಲ್ಲ. ಟೇಪ್‌ನಲ್ಲಿ ಇಲ್ಲದ ಕಣ್ಣು-ಮೂಗನ್ನು ಅದು ತಾನೇ ಬರೆಯುತ್ತದೆ, ತೀರಿಕೊಂಡ ಅಜ್ಜಿಯ ಮುಖ ಅಜ್ಜಿಯದ್ದೇ ಇರಬೇಕು.

ಟಿವಿ ತೆಗೆದುಕೊಳ್ಳುವವರಿಗೆ ಇಷ್ಟು: ಅಂಗಡಿಯ ಡೆಮೊ ವಿಡಿಯೋ ನೋಡಿ ನಿರ್ಧಾರ ಮಾಡಬೇಡಿ. ನವಿಲು, ಜಲಪಾತ ಎಲ್ಲ ಟಿವಿಯಲ್ಲೂ ಚೆಂದವೇ. ಮನೆಯಲ್ಲಿರುವ ಯಾವುದಾದರೂ ಎಸ್‌ಡಿ ವಿಡಿಯೋ ಪೆನ್‌ಡ್ರೈವ್‌ನಲ್ಲಿ ಒಯ್ಯಿರಿ, ಆಗುವುದಿದ್ದರೆ ಡಿಟಿಎಚ್ ಬಾಕ್ಸ್‌ಗೆ ಜೋಡಿಸಿ ನ್ಯೂಸ್ ಚಾನೆಲ್ ಹಾಕಿಸಿ, ಸಿನಿಮಾ ಮೋಡ್‌ಗೆ ಬದಲಿಸಲು ಹೇಳಿ, ಹತ್ತು ಅಡಿ ಹಿಂದೆ ನಿಂತು ಓಡುವ ಪಟ್ಟಿ ಓದಿ. ನಮ್ಮ ಅಂಗಡಿಯವರು ಮೊದಲು ಗೊಣಗಿದರು, ಆಮೇಲೆ ಹಾಕಿ ತೋರಿಸಿದರು. ಅಲ್ಲಿದ್ದ ಮೂರು ಟಿವಿಗಳಲ್ಲಿ ಬೆಲೆ ಜಾಸ್ತಿ ಇದ್ದದ್ದರಲ್ಲಿ ಅಕ್ಷರ ಅಂಟಿಕೊಳ್ಳುತ್ತಿತ್ತು. ನಾವು ತಂದದ್ದು ನಡುವಿನ ಬೆಲೆಯದ್ದು.